ಮುಗಿದ ವ್ಯವಹಾರದ ಮುಗಿಯದ ಲೆಕ್ಕ

ಕೈತಪ್ಪಿದ ಸರಕಿನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವುದು ಎಲ್ಲ ವರ್ತಕರ ಅನುಭವ. "ಅಂದು ಆ ನಿವೇಶನವನ್ನು ಕೊಂಡಿದ್ದರೆ", "ಅಂದು ಆ ಷೇರುಗಳನ್ನು ಮಾರದೆ ಇದ್ದಿದ್ದರೆ" ಎಂಬ ಮಾತುಗಳನ್ನು ನಮ್ಮ ಸದಸ್ಯರಲ್ಲಿ ಆಡದವರು ವಿರಳ. ಇಂತಹ ಲೆಕ್ಕಾಚಾರವನ್ನೇ ದಶಕಗಳಿಂದ ನಡೆಸಿಕೊಂಡು ಬಂದಿರುವ ಇನ್ನೊಂದು ವರ್ಗವಿದೆ. ಅವರು ಉತ್ತರ ಅಮೆರಿಕದ ಐಸ್ ಹಾಕಿ ಅಭಿಮಾನಿಗಳು. ಅವರ ವಾದವಿವಾದಗಳಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶಗಳು ಹಲವಿವೆ.

ಇದು ನಮ್ಮ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಅಂಗಣದಲ್ಲಿ ನಡೆಯುವ ಆಟ. ಅಮೆರಿಕ ಮತ್ತು ಕೆನಡಾಗಳ ತಂಡಗಳು ಸೇರಿರುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಪ್ರತಿವರ್ಷ ಕಿರಿಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 'ಡ್ರಾಫ್ಟ್' ಪದ್ಧತಿಯಿದೆ. ಆಟಗಾರರನ್ನೂ ಮುಂದಿನ ವರ್ಷಗಳ ಆಯ್ಕೆಯ ಹಕ್ಕನ್ನೂ ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಇದನ್ನೇ ಅಲ್ಲಿ 'ಟ್ರೇಡ್' ಎನ್ನುತ್ತಾರೆ. ಅಭಿಮಾನಿಗಳು ಇಂದಿಗೂ ಚರ್ಚಿಸುವ ಇಂತಹ ವಿನಿಮಯಗಳಲ್ಲಿ 1992ರ ಎರಿಕ್ ಲಿಂಡ್ರೋಸ್ ಪ್ರಕರಣ ಪ್ರಮುಖವಾದುದು.

ಒಂದೇ ಸರಕು, ಇಬ್ಬರು ಗ್ರಾಹಕರು

1991ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯ ಹಕ್ಕು ಕೆನಡಾದ ಕ್ವಿಬೆಕ್ ನಾರ್ಡೀಕ್ಸ್ ತಂಡಕ್ಕೆ ದೊರೆಯಿತು. ಆ ತಂಡ ಆರಿಸಿದ್ದು ಹದಿನೆಂಟರ ಹರೆಯದ ಲಿಂಡ್ರೋಸ್‌ನನ್ನು. ಆತ ಆ ತಂಡಕ್ಕೆ ಆಡಲು ಒಪ್ಪಲೇ ಇಲ್ಲ. 1989ರಲ್ಲಿ ಕಿರಿಯರ ಲೀಗ್‌ನ ಸೂ ಸೇಂಟ್ ಮರಿ ತಂಡ ಆರಿಸಿದಾಗಲೂ ಆತ ಹೀಗೆಯೇ ನಿರಾಕರಿಸಿ ಓಷಾವ ತಂಡವನ್ನು ಸೇರಿದ್ದ. ಎಚ್ಚರಿಕೆಯ ಸೂಚನೆ ಮೊದಲೇ ಇದ್ದಿತು.

ಒಂದು ವರ್ಷ ಕಾದ ಬಳಿಕ 1992ರ ಜೂನ್‌ನಲ್ಲಿ ನಾರ್ಡೀಕ್ಸ್ ಆತನನ್ನು ಬಿಟ್ಟುಕೊಡಲು ಮುಂದಾಯಿತು. ಆದರೆ ಫಿಲಡೆಲ್ಫಿಯಾ ಫ್ಲೈಯರ್ಸ್ ಮತ್ತು ನ್ಯೂಯಾರ್ಕ್ ರೇಂಜರ್ಸ್ ತಂಡಗಳೆರಡೂ ಒಪ್ಪಂದ ತಮ್ಮೊಡನೆಯೇ ಆಗಿದೆಯೆಂದು ಹಕ್ಕು ಮಂಡಿಸಿದವು. ಮಧ್ಯಸ್ಥಗಾರ ಲ್ಯಾರಿ ಬರ್ಟುಝಿ ವಿಚಾರಣೆ ನಡೆಸಿ, ಫ್ಲೈಯರ್ಸ್‌ನೊಂದಿಗೆ ಆದ ಒಪ್ಪಂದವೇ ಮೊದಲನೆಯದು ಮತ್ತು ಬದ್ಧವಾದುದು ಎಂದು ಜೂನ್ 30ರಂದು ತೀರ್ಪಿತ್ತರು. ಬಾಯಿಮಾತಿನ ವ್ಯವಹಾರಕ್ಕೂ ಬಂಧನವುಂಟೆಂಬುದನ್ನು ನಮ್ಮ ಮಂಡಿ ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಕೊಟ್ಟದ್ದು ಮತ್ತು ಪಡೆದದ್ದು

ಫ್ಲೈಯರ್ಸ್ ತೆತ್ತ ಬೆಲೆ ಸಾಮಾನ್ಯವಾದುದಲ್ಲ: ಆರು ಮಂದಿ ಆಟಗಾರರು, ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಯ ಹಕ್ಕು, ಜೊತೆಗೆ 1.5 ಕೋಟಿ ಡಾಲರ್ ನಗದು. ಆ ಆರು ಮಂದಿಯಲ್ಲಿ ಪೀಟರ್ ಫೋರ್ಸ್‌ಬರ್ಗ್ ಎಂಬ ಸ್ವೀಡನ್ನಿನ ತರುಣನೂ ಇದ್ದ. ಈ ಲೀಗ್‌ನಲ್ಲಿ ಆತ ಆಗ ಒಂದು ಪಂದ್ಯವನ್ನೂ ಆಡಿರಲಿಲ್ಲ.

ನಾರ್ಡೀಕ್ಸ್‌ಗೆ ಲಾಭ ಕೂಡಲೇ ಕಂಡಿತು. 1991-92ರಲ್ಲಿ 52 ಅಂಕ ಗಳಿಸಿದ್ದ ತಂಡ ಮರುವರ್ಷವೇ 104 ಅಂಕ ಗಳಿಸಿತು. ಹಾಗೆಂದು ಫ್ಲೈಯರ್ಸ್‌ನ ಬೆಲೆಗಟ್ಟುವಿಕೆ ತಪ್ಪಾಗಿತ್ತೆನ್ನಲಾಗದು. ಲಿಂಡ್ರೋಸ್ 1995ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನು ಗೆದ್ದ. ಆ ತಂಡದ ಪರವಾಗಿ 486 ಪಂದ್ಯಗಳಲ್ಲಿ 659 ಅಂಕ ಗಳಿಸಿದ. 1997ರಲ್ಲಿ ತಂಡವನ್ನು ಸ್ಟ್ಯಾನ್ಲಿ ಕಪ್‌ನ ಅಂತಿಮ ಸುತ್ತಿಗೂ ಕೊಂಡೊಯ್ದ. ಅಲ್ಲಿ ಡೆಟ್ರಾಯ್ಟ್ ಎದುರು ಸೋಲಾಯಿತು. ಮುಂದೆ ತಲೆಗೆ ಬಿದ್ದ ಪೆಟ್ಟುಗಳು ಆತನ ಆಟವನ್ನು ಕುಂದಿಸಿದವು. ಸರಕು ಉತ್ತಮವಾದುದೇ, ಬಂಡವಾಳವೆಲ್ಲ ಒಂದೇ ದೇಹವನ್ನು ಆಶ್ರಯಿಸಿದ್ದು ಅಪಾಯವಾಯಿತು.

ಕೈತಪ್ಪಿಸಿಕೊಂಡ ರೇಂಜರ್ಸ್ ಗತಿ ಏನಾಯಿತು? 1940ರ ನಂತರ ಒಮ್ಮೆಯೂ ಗೆಲ್ಲದಿದ್ದ ಆ ತಂಡ ಲಿಂಡ್ರೋಸ್ ಇಲ್ಲದೆಯೇ 1994ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. 2001ರಲ್ಲಿ ಕೊನೆಗೂ ಆತನನ್ನು ಪಡೆದುಕೊಂಡಿತು. ಆತನಿದ್ದ ಮೂರು ಋತುಗಳಲ್ಲಿ ಪ್ಲೇಆಫ್ ಹಂತವನ್ನೂ ತಲುಪಲಿಲ್ಲ. ಕೈತಪ್ಪಿದ್ದೆಲ್ಲವೂ ನಷ್ಟವಲ್ಲ, ಕೈಗೆ ಬಂದದ್ದೆಲ್ಲವೂ ಲಾಭವೂ ಅಲ್ಲ.

ಫಲ ಬಿದ್ದದ್ದು ಬೇರೊಂದು ಅಂಗಳದಲ್ಲಿ

ಆದರೆ ಅತ್ಯಂತ ಕಹಿಯಾದ ಅಧ್ಯಾಯ ಕ್ವಿಬೆಕ್ ನಗರದ ಅಭಿಮಾನಿಗಳದು. ಸಣ್ಣ ಮಾರುಕಟ್ಟೆಯ ಆ ತಂಡಕ್ಕೆ ವರಮಾನ ಬರುತ್ತಿದ್ದುದು ಕೆನಡಾ ಡಾಲರ್‌ನಲ್ಲಿ. ಆಟಗಾರರ ಸಂಬಳ ತೆರಬೇಕಾಗಿದ್ದುದು ಅಮೆರಿಕದ ಡಾಲರ್‌ನಲ್ಲಿ. ಕೆನಡಾ ಡಾಲರ್ ದುರ್ಬಲವಾದಂತೆ ಹೊರೆ ಹೆಚ್ಚಿತು. 1995ರಲ್ಲಿ ತಂಡವನ್ನು ಮಾರಲಾಯಿತು. ಅದು ಡೆನ್ವರ್‌ಗೆ ತೆರಳಿ ಕೊಲರಾಡೊ ಅವಲಾಂಚ್ ಎಂಬ ಹೆಸರು ಪಡೆಯಿತು.

ಫಿಲಡೆಲ್ಫಿಯಾದಿಂದ ಬಂದ ಒಂದು ಆಯ್ಕೆಯ ಹಕ್ಕಿನಿಂದ ಆರಿಸಿಕೊಂಡಿದ್ದ ಗೋಲುರಕ್ಷಕ ಜೋಸ್ಲಿನ್ ತಿಬೋ ಸೇರಿದಂತೆ ಮೂವರನ್ನು 1995ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ಗೆ ಕೊಟ್ಟು, ಹೆಸರಾಂತ ಗೋಲುರಕ್ಷಕ ಪ್ಯಾಟ್ರಿಕ್ ರಾಯ್‌ನನ್ನು ಮೈಕ್ ಕೀನ್ ಜೊತೆಗೆ ಕರೆತರಲಾಯಿತು. ತಂಡ ಕ್ವಿಬೆಕ್‌ನಲ್ಲಿಯೇ ಉಳಿದಿದ್ದರೆ ಬದ್ಧ ಎದುರಾಳಿಯಾದ ಮಾಂಟ್ರಿಯಲ್ ಆತನನ್ನು ಕೊಡುತ್ತಿತ್ತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. 1996ರಲ್ಲಿ, ಡೆನ್ವರ್‌ನ ಮೊದಲ ಋತುವಿನಲ್ಲೇ, ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಸಸಿ ನೆಟ್ಟು ನೀರೆರೆದವರ ಊರಿಗೆ ಹಣ್ಣು ದಕ್ಕಲಿಲ್ಲ.

ಹಳೆಯ ವ್ಯವಹಾರವನ್ನು ತೂಗುವಾಗ ಅಭಿಮಾನಿಗಳು ಇಂದಿನ ತಿಳಿವಳಿಕೆಯ ತಕ್ಕಡಿಯನ್ನೇ ಹಿಡಿಯುತ್ತಾರೆ. ನಾವೂ ಅದಕ್ಕೆ ಹೊರತಲ್ಲ. ಆದರೆ ಲಿಂಡ್ರೋಸ್‌ಗೆ ಮುಂದೆ ಬೀಳಲಿದ್ದ ಪೆಟ್ಟುಗಳನ್ನು 1992ರಲ್ಲಿ ಬಲ್ಲವರಿರಲಿಲ್ಲ. ಆತ ಆಡಲು ನಿರಾಕರಿಸಬಹುದೆಂಬುದನ್ನು ಮಾತ್ರ 1991ರಲ್ಲೇ ಊಹಿಸಬಹುದಾಗಿತ್ತು. ಮೊದಲನೆಯದು ದುರದೃಷ್ಟ, ಎರಡನೆಯದು ಅವಲೋಕನದ ಕೊರತೆ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿಹಾಕುವಾಗ ಇವೆರಡನ್ನು ಬೇರ್ಪಡಿಸಿ ಬರೆದುಕೊಂಡರೆ, ಹಳಹಳಿಕೆ ಅನುಭವವಾಗಿ ಮಾರ್ಪಟ್ಟೀತು. ಒಂದು ಉತ್ತಮ ವ್ಯವಹಾರ ಸಂಸ್ಥೆಯ ಮೂಲ ದೌರ್ಬಲ್ಯವನ್ನು ಪರಿಹರಿಸಲಾರದೆಂಬುದನ್ನಂತೂ ಕ್ವಿಬೆಕ್ ನಗರ ದುಬಾರಿ ಬೆಲೆ ತೆತ್ತು ಕಲಿತಿದೆ.