ನಿಮಗಿದು ಗೊತ್ತೇ? ಕೀರಲು ಸದ್ದಿಗೆ ಕಿವಿ ಬೆಚ್ಚುವುದೇಕೆ?

ಕಪ್ಪುಹಲಗೆಯ ಮೇಲೆ ಉಗುರು ಗೀರಿದರೆ ಮೈ ಜುಮ್ಮೆನ್ನುತ್ತದೆ, ಹಲ್ಲು ಚುಳ್ಳೆನ್ನುತ್ತದೆ. ಸದ್ದು ಜೋರಾಗಿರಬೇಕೆಂದೇನಿಲ್ಲ, ಕೀರಲಾಗಿದ್ದರೆ ಸಾಕು. ಏಕೆ ಹೀಗೆ?

● ಸದ್ದಿನ ಕಂಪನವನ್ನು ಅಳೆಯುವ ಮಾನ ಹರ್ಟ್ಸ್. ಸೆಕೆಂಡಿಗೆ ಎಷ್ಟು ಕಂಪನವೋ ಅಷ್ಟು ಹರ್ಟ್ಸ್. ಆರೋಗ್ಯವಂತ ಎಳೆಯ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಪಿಯಾನೊದ ಅತಿ ಮೇಲಿನ ಸ್ವರ 4,186 ಹರ್ಟ್ಸ್. ಅದನ್ನು ದಾಟಿ ಇನ್ನೂ ಎರಡು ಸ್ಥಾಯಿ ಏರಿದರೂ ಎಳೆಯರ ಕಿವಿ ಹಿಂಬಾಲಿಸಬಲ್ಲದು.

● ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಇದಕ್ಕೊಂದು ಮುಖ್ಯ ಕಾರಣ ಕಿವಿಯ ನಾಳ. ಎರಡೂವರೆ ಸೆಂಟಿಮೀಟರ್‌ನಷ್ಟು ಉದ್ದದ ಆ ನಾಳ 3,000 ಹರ್ಟ್ಸ್ ಆಸುಪಾಸಿನ ಸದ್ದಿಗೆ ಅನುರಣಿಸಿ, ಅದನ್ನು ಹಿಗ್ಗಿಸಿ ಕಿವಿತಮಟೆಗೆ ಮುಟ್ಟಿಸುತ್ತದೆ.

● ಕಪ್ಪುಹಲಗೆಯ ಗೀರು ಸದ್ದು ಹಿಂಸೆಯಾಗುವುದು ಅದರ ಅತಿ ಮೇಲಿನ ಕಂಪನಗಳಿಂದಲ್ಲ! 1986ರಲ್ಲಿ ಅಮೆರಿಕದ ಮೂವರು ಸಂಶೋಧಕರು ಆ ಭಾಗವನ್ನು ಸೋಸಿ ತೆಗೆದರೂ ಕೇಳುಗರ ಕಿರಿಕಿರಿ ತಗ್ಗಲಿಲ್ಲ. ಕಾಡುವ ಅಂಶ ಅದಕ್ಕಿಂತ ಕೆಳಗಿನ ಕಂಪನಗಳಲ್ಲಿತ್ತು. 2006ರಲ್ಲಿ ಇವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಪ್ರಶಸ್ತಿ ಬಂತು.

● ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಇಂಥ ಸದ್ದು ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿತು. ಭಯದಂಥ ಭಾವಗಳನ್ನು ನಿಭಾಯಿಸುವ ಅಮಿಗ್ಡಾಲ ಎಂಬ ಭಾಗ ಚುರುಕಾಗಿ, ಶ್ರವಣದ ಭಾಗದ ಮೇಲೂ ಪ್ರಭಾವ ಬೀರುವುದು ಕಂಡಿತು.

● ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿದೆ. ಕೀರಲು ಸದ್ದಿಗೆ ಮಿಡಿಯುವ ಜಾಗ ಅದರ ಬಾಗಿಲಲ್ಲೇ ಇದೆ. ಮಂದ್ರ ಸದ್ದಿನದು ಸುರುಳಿಯ ತುದಿಯಲ್ಲಿ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಗೇಯಾರ್ಗ್ ಫಾನ್ ಬೇಕೇಶಿ ಅವರಿಗೆ 1961ರ ನೊಬೆಲ್ ಬಂತು.

● ವಯಸ್ಸಾದಂತೆ ಮೊದಲು ಸವೆಯುವುದೂ ಕಾಕ್ಲಿಯಾದ ಆ ಬಾಗಿಲ ಬಳಿಯ, ಸದ್ದನ್ನು ಗ್ರಹಿಸುವ ರೋಮಕೋಶಗಳೇ. ಹಾಗಾಗಿ ಹದಿಹರೆಯದವರಿಗೆ ಕೇಳುವ 17,000 ಹರ್ಟ್ಸ್ ಸದ್ದು ಬಹುಪಾಲು ನಡುವಯಸ್ಕರಿಗೆ ಕೇಳಿಸುವುದಿಲ್ಲ. ಅಂಗಡಿಗಳ ಮುಂದೆ ಗುಂಪುಗೂಡುವ ಹುಡುಗರನ್ನು ಚದುರಿಸಲು ವೇಲ್ಸ್‌ನ ಹೊವರ್ಡ್ ಸ್ಟೇಪಲ್ಟನ್ ‘ಮಸ್ಕಿಟೊ’ ಎಂಬ ಸಾಧನ ರೂಪಿಸಿದ್ದು ಇದೇ ಆಧಾರದ ಮೇಲೆ. ಹುಡುಗರು ಸುಮ್ಮನಿರಲಿಲ್ಲ, ಅದೇ ಸದ್ದು ದೊಡ್ಡವರಿಗೆ ಕೇಳಿಸದ ರಿಂಗ್‌ಟೋನ್ ಆಗಿಬಿಟ್ಟಿತು.

● ದಪ್ಪ ಹಿಂಬದಿಯ ಹಳೇ ಟಿವಿ ಮ್ಯೂಟ್ ಆಗಿದ್ದರೂ, ಅದು ಆನ್ ಆಗಿದೆಯೆಂದು ಪಕ್ಕದ ಕೋಣೆಯ ಮಕ್ಕಳು ಹೇಳಬಲ್ಲವರಾಗಿದ್ದರು. ನಮ್ಮ ದೇಶದ ಆಗಿನ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ. ಗುಣಿಸಿದರೆ 15,625. ಟಿವಿಯೊಳಗಿನ ಟ್ರಾನ್ಸ್‌ಫಾರ್ಮರ್ ಅಷ್ಟು ಹರ್ಟ್ಸ್‌ನಲ್ಲಿ ಸಣ್ಣಗೆ ಕೀರಿಡುತ್ತಿತ್ತು.

● ಹಳೆಯ ದೂರವಾಣಿ ಒಯ್ಯುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ನಷ್ಟು ಧ್ವನಿ ಮಾತ್ರ. ‘ಎಸ್’, ‘ಎಫ್’ ಅಕ್ಷರಗಳ ಗುರುತು ಅದಕ್ಕಿಂತ ಮೇಲಿನ ಕಂಪನಗಳಲ್ಲಿರುವುದರಿಂದ ಫೋನಿನಲ್ಲಿ ಒಂದು ಇನ್ನೊಂದಾಗಿ ಕೇಳುತ್ತಿತ್ತು.

● “ಮಾತು ಕೇಳಿಸುತ್ತೆ, ಆದರೆ ಏನಂದಿರೋ ತಿಳಿಯಲ್ಲ” ಎಂದು ಮನೆಯ ಹಿರಿಯರು ಹೇಳುವುದಕ್ಕೂ ಇಂಥದೇ ಕಾರಣ. ಸ್ವರಗಳು ಕೆಳಗಿನ ಕಂಪನದವು, ಉಳಿದಿರುತ್ತವೆ. ಸ, ಶ, ತ, ಕಗಳಂಥ ವ್ಯಂಜನಗಳು ಮೇಲಿನವು, ಮಸುಕಾಗುತ್ತವೆ. ಅವರ ಮುಂದೆ ಕಿರುಚಬೇಡಿ. ಎದುರು ಕೂತು ನಿಧಾನವಾಗಿ, ಬಿಡಿಸಿ ಮಾತನಾಡಿ.

● ನಾಯಿಗೆ 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ಬೆಕ್ಕಿಗೆ ಅದಕ್ಕೂ ಹೆಚ್ಚು. ಜೇನುಗೂಡಿಗೆ ದಾಳಿಯಿಡುವ ಮೇಣದ ಪತಂಗಕ್ಕೆ 3,00,000 ಹರ್ಟ್ಸ್‌ವರೆಗೂ ಕೇಳಿಸುತ್ತದೆಂದು 2013ರಲ್ಲಿ ತಿಳಿದುಬಂತು.

● ಅಬ್ಬರದ ಸದ್ದು ಸಾಮಾನ್ಯವಾಗಿ ಮೊದಲು ಕೆಡಿಸುವುದು 4,000 ಹರ್ಟ್ಸ್ ಆಸುಪಾಸಿನ ಶ್ರವಣವನ್ನು. ಹಕ್ಕಿಗಳಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ.

● 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ಇಯರ್‌ಫೋನಿನ ಸದ್ದು ತಗ್ಗಿಸಿ. ಕಿವಿಯಲ್ಲಿ ಬಿಡದೆ ‘ಕುಂಯ್’ ಎನ್ನುತ್ತಿದ್ದರೆ, ಮಾತು ಮಸುಕಾಗುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ.