ಏಳು ತಂತಿಯ ಚೌಡಯ್ಯನವರು

ಪಿಟೀಲು ಪಾಶ್ಚಾತ್ಯರಿಂದ ಬಂದ ವಾದ್ಯವಾದರೂ ಕರ್ನಾಟಕ ಸಂಗೀತವು ಅದನ್ನು ಎಂದೋ ತನ್ನದಾಗಿಸಿಕೊಂಡಿದೆ. ಮೈಸೂರು ಸೀಮೆಯಲ್ಲಿ ಪಿಟೀಲೆಂದೊಡನೆ ನೆನಪಾಗುವವರು ಟಿ. ಚೌಡಯ್ಯನವರು.

1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ ಅವರು 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಪಿಟೀಲುಗಾರರಲ್ಲ, ಆಸ್ಥಾನದ ಗಾಯಕರು! ಕಂಠದಿಂದ ಹೊಮ್ಮಿದುದನ್ನು ಕಮಾನಿನಲ್ಲಿ ತರುವುದೇ ಶಿಷ್ಯನ ಪಾಠವಾಯಿತು. ಈ ಶಿಷ್ಯವೃತ್ತಿಯು ಸುಮಾರು ಹದಿನೆಂಟು ವರುಷ ನಡೆಯಿತು. ಎರಡು ವರುಷ ಕಲಿತೊಡನೆಯೇ ಮಕ್ಕಳನ್ನು ವೇದಿಕೆಗೇರಿಸಲು ತವಕಿಸುವ ತಂದೆತಾಯಿಗಳು ಈ ಅವಧಿಯನ್ನು ಗಮನಿಸಬೇಕು.

ಆಗ ಧ್ವನಿವರ್ಧಕಗಳಿರಲಿಲ್ಲ. ಗಾಯಕರ ತುಂಬುಕಂಠದ ಪಕ್ಕದಲ್ಲಿ ಪಿಟೀಲಿನ ನಾದವು ಹಿಂದಿನ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಪಕ್ಕವಾದ್ಯಗಾರನಿಗೆ ಇದಕ್ಕಿಂತ ದೊಡ್ಡ ಸಂಕಟವುಂಟೆ? 1927ರ ಸುಮಾರಿಗೆ ಚೌಡಯ್ಯನವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೋಡಿ ತಂತಿಯನ್ನು ಸೇರಿಸಿದರು. ನಾದವು ಇಮ್ಮಡಿಸಿತು, ಶ್ರಮವೂ ಇಮ್ಮಡಿಸಿತು. ಒಂದೇ ಬೆರಳಿನಿಂದ ಎರಡು ತಂತಿಗಳನ್ನು ಒತ್ತಬೇಕು, ಎರಡರ ಶ್ರುತಿಯೂ ಕೂಡಿರಬೇಕು; ಕೂದಲೆಳೆಯಷ್ಟು ಸರಿದರೂ ಅಪಸ್ವರ. ನಾಲ್ಕು ತಂತಿಯಲ್ಲಿ ಮರೆಯಾಗುವ ದೋಷವು ಏಳರಲ್ಲಿ ಮರೆಯಾಗದು.

ಚೆಂಬೈ ವೈದ್ಯನಾಥ ಭಾಗವತರಂಥ ಘನ ಗಾಯಕರಿಗೆ ಅವರು ಪಕ್ಕವಾದ್ಯ ನುಡಿಸಿದರು, ತನಿಯಾಗಿಯೂ ಕಛೇರಿ ಮಾಡಿದರು, 'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮದರಾಸಿನ ಮ್ಯೂಸಿಕ್ ಅಕಾಡೆಮಿಯು 1957ರಲ್ಲಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತು ಗೌರವಿಸಿತು. 1967ರಲ್ಲಿ ಅವರು ಕಾಲವಶರಾದರು.

ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಧ್ವನಿವರ್ಧಕಗಳು ಬಂದ ತರುವಾಯ ಏಳು ತಂತಿಗಳ ಅಗತ್ಯವು ಕುಗ್ಗಿತು. ಅಂಥ ಪಿಟೀಲನ್ನು ಕೈಗೆತ್ತಿಕೊಳ್ಳುವವರು ಇಂದು ವಿರಳ.