ಮಕ್ಕಳ ಕೈಗೆ ಮಳೆಮಾಪಕ ಕೊಡಿ

ದೊಡ್ಡ ಮಗಳನ್ನು ಹತ್ತನೇ ತರಗತಿಗೆ ನಿಲ್ಲಿಸಿದವನು ನಾನೇ. ಗಣಿತದಲ್ಲಿ ಚುರುಕಿದ್ದಳು. ಆದರೂ 'ವಿಜ್ಞಾನ ಓದಿ ನಮ್ಮಂಥವರ ಮನೆಯ ಹುಡುಗಿ ಮಾಡೋದೇನೈತಿ?' ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಚಿಕ್ಕವಳ ವಿಷಯದಲ್ಲಿ ಅದೇ ತಪ್ಪು ಮಾಡದಂತೆ ನನ್ನನ್ನು ತಡೆದದ್ದು ಒಂದು ಹಳೆ ಬಣ್ಣದ ಡಬ್ಬಿ. ಆ ಕತೆಯನ್ನು ಹೇಳಬೇಕೆಂದೇ ಈ ಬರಹ.

ನಮ್ಮದು ಮುಂಡಗೋಡ ತಾಲೂಕಿನ ಸನವಳ್ಳಿ. ಅರೆಮಲೆನಾಡು. ಭತ್ತ, ಗೋವಿನಜೋಳ ನಮ್ಮ ಬೆಳೆ. 2022ರ ಆಗಸ್ಟ್‌ನಲ್ಲಿ ಚಿಕ್ಕವಳ ಶಾಲೆಗೆ ವಿಜ್ಞಾನದ ಸಾಮಾನು ತುಂಬಿಕೊಂಡ ಒಂದು ವಾಹನ ಬಂದಿತ್ತು. ಅವಳು ಆಗ ಎಂಟನೇ ತರಗತಿ. ಬಂದವರು ಭಾಷಣ ಮಾಡಲಿಲ್ಲವಂತೆ. ಮಸೂರ, ಅಯಸ್ಕಾಂತ, ಬಲೂನು, ನಳಿಕೆ ಎಲ್ಲವನ್ನೂ ಮಕ್ಕಳ ಕೈಗೇ ಕೊಟ್ಟು 'ನೀವೇ ಮಾಡಿ ನೋಡಿ' ಎಂದರಂತೆ. ಶಾಲೆಯ ಬೀರುವಿನಲ್ಲಿ ಸಾಮಾನು ಮೊದಲೂ ಇತ್ತು. ಒಡೆದೀತೆಂಬ ಹೆದರಿಕೆಯಿಂದ ಅದಕ್ಕೆ ಬೀಗ ಬಿದ್ದಿತ್ತು.

ಇಂಥ ಸಂಚಾರಿ ಪ್ರಯೋಗಾಲಯಗಳನ್ನು ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ತಂದವರಲ್ಲಿ 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನ ಮುಖ್ಯವಾದುದು. ಆಂಧ್ರದ ಕುಪ್ಪಂ ಹತ್ತಿರ ಅವರದು 172 ಎಕರೆಯ ಕೇಂದ್ರವಿದೆ. ಕೆಲಸ ಒಳ್ಳೆಯದೇ. ಆದರೆ ವಾಹನ ಸಂಜೆ ಹೊರಟು ಹೋಗುತ್ತದೆ. ಮರುದಿನ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ? ಆ ಕೆಲಸ ನಮ್ಮದು, ಅಂದರೆ ರೈತರದು.

ಡಬ್ಬಿಯ ಕತೆ

ಗೋವಿನಜೋಳ ಮುರಿದಾದ ಮೇಲೆ ಮಗಳು ಕೇಳಿದಳು, 'ಅಪ್ಪಾ, ನಮ್ಮ ಹೊಲಾ ಎಷ್ಟ್ ನೀರ್ ಕುಡೀತೈತಿ?' ಮೂವತ್ತು ವರ್ಷ ಉತ್ತ ನೆಲ. ಉತ್ತರ ನನಗೆ ಗೊತ್ತಿರಲಿಲ್ಲ.

ನಾಲ್ಕು ಲೀಟರಿನ ಹಳೆ ಬಣ್ಣದ ಡಬ್ಬಿಯ ತಳ ಕತ್ತರಿಸಿ ಕೊಟ್ಟೆ. ಅದನ್ನು ಎರಡು ಬೆರಳಿನಷ್ಟು ಆಳ ನೆಲಕ್ಕೆ ಒತ್ತಿದಳು. ಅರ್ಧ ಲೀಟರ್ ನೀರು ಹಾಕಿ, ಪೂರ್ತಿ ಇಂಗುವ ತನಕ ಗಡಿಯಾರ ಹಿಡಿದು ಕುಂತಳು. ಮೊದಲ ದಿನ ಡಬ್ಬಿ ನೆಲದ ಬಿರುಕಿನ ಮೇಲೆ ಕುಂತಿತ್ತು. ನೀರು ಗಳಿಗೆಯಲ್ಲಿ ಮಾಯ. ಮರುದಿನ ಅದೇ ಒದ್ದೆ ಜಾಗದಲ್ಲೇ ಮತ್ತೆ ಅಳೆದಳು. ನೀರು ಇಳಿಯಲೇ ಇಲ್ಲ. ಎರಡೂ ತಪ್ಪು ಅಳತೆ ಎಂದು ಅವಳೇ ಕಂಡುಕೊಂಡಳು. ಆಮೇಲೆ ಒಂದೊಂದು ಕಡೆ ಮೂರು ಮೂರು ಜಾಗ ಆರಿಸಿ, ಮೂರನ್ನೂ ಬರೆದುಕೊಂಡಳು.

ಕೂಳೆ, ರವದಿ ಬಿಟ್ಟ ಜಾಗದಲ್ಲಿ ಅರ್ಧ ಲೀಟರ್ ಇಂಗಲು ಸುಮಾರು 9 ನಿಮಿಷ. ಟ್ರ್ಯಾಕ್ಟರ್ ತಿರುಗುವ ಹೊಲದ ಅಂಚಿನಲ್ಲಿ 40 ನಿಮಿಷ ದಾಟಿತು! ಆ ಅಂಚೇ ಇಳಿಜಾರಿನ ಕಡೆ. ಅಂದರೆ ಜೋರು ಮಳೆ ಬಂದರೆ ನೀರು ಅಲ್ಲಿ ನಿಲ್ಲದೆ ಸೀದಾ ಹಳ್ಳಕ್ಕೆ.

ಆ ಬೇಸಿಗೆಯಲ್ಲಿ ಇನ್ನೊಂದು ಬೋರು ಕೊರೆಸಲು ನಾನು ಸಾಲಕ್ಕೆ ಮಾತಾಡಿ ಇಟ್ಟಿದ್ದೆ. ಡಬ್ಬಿ ನೋಡಿದ ಮೇಲೆ ಬೋರು ಮುಂದೆ ಹಾಕಿದೆ. ಅಂಚನ್ನು ಆಳವಾಗಿ ಸಡಿಲಿಸಿ ಅಡ್ಡ ಬದು ಹಾಕಿದೆ, ರವದಿ ಸುಡುವುದನ್ನು ಬಿಟ್ಟೆ. 2023ರಲ್ಲಿ ರಾಜ್ಯಕ್ಕೇ ಬರ ಬಂತು. ಬಿದ್ದಷ್ಟು ಮಳೆ ಹೊಲದಲ್ಲೇ ಹೆಚ್ಚು ಹೊತ್ತು ನಿಂತದ್ದನ್ನು ಕಣ್ಣಾರೆ ಕಂಡೆ. ಇದರಿಂದ ಬಾವಿ ನೀರು ಹೆಚ್ಚಿತು ಎಂದು ಬರೆಯಬೇಕೆಂದಿದ್ದೆ. 'ಒಂದ್ ವರ್ಷದ ಅಳತಿಯಿಂದ ಹಂಗ್ ಹೇಳಬಾರ್ದು' ಎಂದು ಮಗಳೇ ತಡೆದಳು.

ಇದು ಹೊಸ ಮಾತಲ್ಲ

ಕೈಯಿಂದ ಮಾಡಿ ಕಲಿಯುವ ಪಾಠ ಹಳ್ಳಿಯಲ್ಲಿ ನಡೆಯುತ್ತದೆಯೇ ಎಂಬ ಅನುಮಾನ ಬೇಡ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಇದು ಶುರುವಾಯಿತು. ಅಲ್ಲಿನ ಮಕ್ಕಳು ಬಾಯಿಪಾಠ ಬಿಟ್ಟು ತಾವೇ ಪ್ರಯೋಗ ಮಾಡಿ ಉತ್ತರ ಬರೆಯುತ್ತಿದ್ದರು. 2002ರಲ್ಲಿ ಸರಕಾರ ನಿಲ್ಲಿಸುವ ತನಕ 30 ವರ್ಷ ನಡೆಯಿತು. ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತ 1978ರಲ್ಲಿ ಅಲ್ಲಿಗೆ ಹೋದರು. ಸೈಕಲ್ ವಾಲ್ವ್ ಟ್ಯೂಬಿನ ತುಂಡು, ಬೆಂಕಿಕಡ್ಡಿ ಸೇರಿಸಿ ತ್ರಿಕೋನ, ಚೌಕ, ಮನೆಯ ಚೌಕಟ್ಟು ಮಾಡುವುದನ್ನು ಕಲಿಸಿದರು. ತ್ರಿಕೋನ ಒತ್ತಿದರೂ ಆಕಾರ ಬಿಡುವುದಿಲ್ಲ, ಚೌಕ ಓರೆಯಾಗುತ್ತದೆ. ನಮ್ಮ ದನದ ಕೊಟ್ಟಿಗೆಗೆ ಓರೆ ಗೂಟ ಯಾಕೆ ಕೊಡುತ್ತೇವೆ ಎಂಬುದು ಮಗುವಿಗೆ ಅಲ್ಲಿ ತಿಳಿಯುತ್ತದೆ. ಇವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಅಷ್ಟು ದೂರ ಯಾಕೆ, ನಮ್ಮ ಮುಂಡಗೋಡದ ಟಿಬೆಟನ್ ಕಾಲೊನಿಯನ್ನೇ ನೋಡಿ. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಶತಮಾನಗಳಿಂದ ಧರ್ಮಗ್ರಂಥ, ತರ್ಕಗಳದೇ ಓದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೊತೆ 2006ರಲ್ಲಿ ಶುರುವಾದ ಯೋಜನೆಯಿಂದ ಇಲ್ಲಿನ ಭಿಕ್ಷುಗಳಿಗೂ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನದ ಪಾಠ ಬಂತು. ಪುಸ್ತಕಗಳನ್ನು ಟಿಬೆಟನ್ ಭಾಷೆಯಲ್ಲೇ ಮಾಡಿದರು. ಕೆಂಪು ವಸ್ತ್ರ ತೊಟ್ಟವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಇಟ್ಟರು. ಅವರ ಪರಂಪರೆಗೆ ಇದರಿಂದ ಕುಂದು ಬರಲಿಲ್ಲ. ಹಾಗಿರುವಾಗ ನಮ್ಮ ಮಕ್ಕಳು ಪಾಠದ ಜೊತೆ ನಾಲ್ಕು ಪ್ರಯೋಗ ಮಾಡಿದರೆ ಅಂಕ ಕಡಿಮೆಯಾದೀತೆಂದು ಹೆದರುವುದೇಕೆ?

ನಿಮ್ಮ ಮನೆಯಲ್ಲೂ ಮಾಡಿ

ಖರ್ಚಿಲ್ಲದ ಮೂರು ಕೆಲಸ ಹೇಳುತ್ತೇನೆ. ಮಗು ಮಾಡಲಿ, ನೀವು ಪಕ್ಕದಲ್ಲಿರಿ.

ಮಳೆಮಾಪಕ: ಎರಡು ಲೀಟರಿನ ನೇರ ಗೋಡೆಯ ತಂಪುಪಾನೀಯದ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು, ನೀರು ತುಂಬಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಮಾಡಿನಿಂದ ದೂರ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಬರೆದು, ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಒಂದು ಮಿ.ಮೀ. ಮಳೆ ಎಂದರೆ ಗುಂಟೆಗೆ ಸುಮಾರು 100 ಲೀಟರ್, ಎಕರೆಗೆ ಸುಮಾರು 4,000 ಲೀಟರ್. 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್! ಈ ಲೆಕ್ಕವನ್ನು ಮಗು ತಾನೇ ಮಾಡಲಿ.

ಮಣ್ಣಿನ ಬಾಟಲಿ: ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲೇ ಕೂರುತ್ತದೆ, ಅದರ ಮೇಲೆ ಗೋಡು, ಕೊನೆಗೆ ಜೇಡಿ. ಒಂದೆರಡು ದಿನ ಬಿಟ್ಟು ಪದರ ಅಳೆಯಿರಿ. ನಿಮ್ಮ ನೆಲದಲ್ಲಿ ಯಾವುದು ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ.

ಬೀಜದ ಪರೀಕ್ಷೆ: 100 ಬೀಜ ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಿ. ವಾರದ ಮೇಲೆ ಮೊಳೆತದ್ದು ಎಣಿಸಿ. 70 ಮೊಳೆತರೆ ಶೇಕಡಾ 70. ಬಿತ್ತುವ ಮುಂಚೆಯೇ ಗೊತ್ತಾಗುತ್ತದೆ, ನಷ್ಟ ತಪ್ಪುತ್ತದೆ.

ಶಾಲೆಗೂ ಹೋಗಿ

ನಮ್ಮ ಹುಡುಗಿಯ ಡಬ್ಬಿ ಪ್ರಯೋಗವನ್ನು ಅವಳ ಶಿಕ್ಷಕರು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಬರೆಸಿದರು. ದೇಶದಲ್ಲಿ 1993ರಲ್ಲಿ ಆರಂಭವಾದ ಕಾರ್ಯಕ್ರಮ ಇದು. ತಮ್ಮ ಊರಿನ ಸಮಸ್ಯೆಯನ್ನು ಮಕ್ಕಳೇ ಅಭ್ಯಾಸ ಮಾಡಬೇಕೆಂಬುದು ಅದರ ತಿರುಳು. ನಮ್ಮ ರಾಜ್ಯದಲ್ಲಿ ಇದನ್ನು ಹಳ್ಳಿಗಳಿಗೆ ಮುಟ್ಟಿಸಲು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದುಡಿದಿದೆ. ನಮ್ಮ ಮಕ್ಕಳ ತಂಡ ಜಿಲ್ಲೆಯಿಂದ ಮುಂದೆ ಹೋಗಲಿಲ್ಲ. ಬೇಸರವಿಲ್ಲ. ನೂರು ಜನರ ಮುಂದೆ ನಿಂತು ನಮ್ಮ ಹೊಲದ ಲೆಕ್ಕ ಹೇಳಿ ಬಂದಳಲ್ಲ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ನಾವೇ ಹೋಗಿ 'ಗುರುಗಳೇ, ಮಕ್ಕಳನ್ನು ನಮ್ಮ ಹೊಲಕ್ಕೆ ಕರಕೊಂಡು ಬರ್ರಿ' ಅನ್ನಬೇಕು. ಪಂಪ್‌ಸೆಟ್ಟು, ಹನಿ ನೀರಾವರಿ, ಜೇನುಪೆಟ್ಟಿಗೆ, ಗೋಬರ್ ಗ್ಯಾಸ್ ಎಲ್ಲವೂ ಪಾಠವೇ. ಒಂದು ಎಚ್ಚರ: ವಿದ್ಯುತ್ತು, ತೆರೆದ ಬಾವಿ, ಕೀಟನಾಶಕದ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

'ವಿಜ್ಞಾನ ಓದಿದರ ಹೊಲಾ ಬಿಟ್ಟು ಹೋಗ್ತಾರ' ಎಂಬ ಮಾತು ನಮ್ಮ ಕಟ್ಟೆಯ ಮೇಲೂ ಇದೆ. ಹೋಗಬಹುದು. ಓದದವರೂ ಹೋಗುತ್ತಿದ್ದಾರಲ್ಲ, ಗೋವೆಗೆ, ಹುಬ್ಬಳ್ಳಿಗೆ, ಕೂಲಿಗೆ. ಅಳತೆ ಕಲಿತವರು ಹೋದರೂ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ, ಉಳಿದರೆ ಹೊಲಕ್ಕೆ ಲಾಭ.

2025ರಲ್ಲಿ ಚಿಕ್ಕವಳು ಹತ್ತನೇ ತರಗತಿ ಮುಗಿಸಿ ವಿಜ್ಞಾನವನ್ನೇ ಆರಿಸಿಕೊಂಡಳು. ಬಸ್ಸಿನ ದೂರ, ಫೀಜು ಎಂದು ಮನೆಯಲ್ಲಿ ಮಾತು ಬಂತು. ಈ ಸಲ ನಾನು ಅಡ್ಡ ಬರಲಿಲ್ಲ. ಮೊದಲು ಬೆಂಬಲಕ್ಕೆ ನಿಂತವಳು ಅವಳ ಅಕ್ಕ. ಅದು ನನಗೆ ಈಗಲೂ ಚುಚ್ಚುತ್ತದೆ. ಅಕ್ಕ ಈಗ ತನ್ನ ಗಂಡನ ಮನೆಯ ಅಂಗಳದಲ್ಲಿ ಒಂದು ಬಾಟಲಿ ಮಳೆಮಾಪಕ ಇಟ್ಟಿದ್ದಾಳೆ. ಮಳೆ ಬಂದ ದಿನ ಇಬ್ಬರೂ ಫೋನಿನಲ್ಲಿ ಅಂಕಿ ಹೋಲಿಸಿ ನೋಡುತ್ತಾರೆ.

ಮುಂಗಾರಿಗೆ ಮೊದಲು ನಿಮ್ಮ ಮನೆಯಲ್ಲೂ ಒಂದು ಬಾಟಲಿ ಕತ್ತರಿಸಿಕೊಡಿ.